ಎರಡನೇ ಹಂತದ ಬೇಸಿಗೆ

ಕಳೆದ ವಾರ ಗುಬ್ಬಿಯಲ್ಲಿ ಸಂತೆಯ ದಿನ, ಆಫೀಸು ಮುಗಿಸಿ ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದಾಗ ದಪ್ಪ ಹನಿಯ ಮಳೆ ಶುರುವಾಯಿತು. ತೆಂಗಿನಕಾಯಿ ಮಂಡಿಯೊಂದರ ತಗಡಿನ ಸೂರಿನಡಿ ಓಡಿ ನಿಂತೆ. ಮಂಡಿಯವರು ಮುಂದೆ ಪೇರಿಸಿದ್ದ ಖಾಲಿ ಗೋಣಿಚೀಲಗಳನ್ನು ಒಳಗೆ ಎಳೆದುಕೊಳ್ಳುವಷ್ಟರಲ್ಲಿ ಅವು ಅರ್ಧ ನೆನೆದು ಹೋಗಿದ್ದವು. ನೆಂದ ಸೆಣಬು, ತೆಂಗಿನ ನಾರು, ಮಣ್ಣು ಬೆರೆತ ಆ ವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ಒಂದು ಗೇಟು ನೆನಪಾಯಿತು. ಆ ಗೇಟಿನಲ್ಲಿ ನಾನು ಕಳೆದ ಒಂದು ಬೇಸಿಗೆ ನೆನಪಾಯಿತು. ಮಳೆ ನಿಂತ ಮೇಲೂ ಅಲ್ಲೇ ನಿಂತಿದ್ದೆ. ಬಸ್ಸು ತಪ್ಪಿತು.

ಆಗ ನನಗೆ ಇಪ್ಪತ್ನಾಲ್ಕು ವರ್ಷ. ನಮ್ಮದು ಊರ್ಡಿಗೆರೆ ಕಡೆ. ಬಿ.ಕಾಂ. ಮುಗಿಸಿ, ತುಮಕೂರಿನ ಸದಾಶಿವನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಸರ್ಕಾರಿ ಪರೀಕ್ಷೆಗಳಿಗೆ ಓದುತ್ತಿದ್ದೆ. ಸುಮ್ಮನೆ ಕೂರುವುದು ಬೇಡವೆಂದು ಗುಬ್ಬಿ ಕಡೆಯ ಒಂದು ಮಿಲಿಟರಿ ಡಿಪೋದಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದೆ. ಬೂಟಿನಿಂದ ಹಿಡಿದು ಲಾರಿ ಟೈರಿನವರೆಗೆ ಸೈನ್ಯಕ್ಕೆ ಬೇಕಾದ ಸಾಮಾನು ತುಂಬಿಡುವ ಜಾಗ ಅದು. ನನ್ನ ಕೆಲಸ ಗೇಟಿನ ಪಾಸ್ ಕೌಂಟರಿನಲ್ಲಿ. ಒಳಗೆ ಹೋಗುವವರ ಕಾರ್ಡು ನೋಡಿ, ಮುಖ ನೋಡಿ, ರಿಜಿಸ್ಟರಿನಲ್ಲಿ ಹೆಸರು ಬರೆದು ಟಿಕ್ ಹಾಕುವುದು. ನನ್ನ ಟಿಕ್ ಬಿದ್ದರೆ ಮಾತ್ರ ಕಾವಲಿನ ಜವಾನ ಅಡ್ಡಗಂಬ ಎತ್ತುತ್ತಿದ್ದ.

ಗೇಟಿನ ಪೂರ್ತಿ ಉಸ್ತುವಾರಿ ಸುಬೇದಾರ್ ನಂಜೇಗೌಡರದು. ಕುಣಿಗಲ್ ಹತ್ತಿರದ ಹಳ್ಳಿಯವರು. ಗಡಿಯಲ್ಲೂ ಮರುಭೂಮಿಯಲ್ಲೂ ಮೂವತ್ತು ವರ್ಷ ಕಳೆದು, ಕೊನೆಯ ಒಂದೂವರೆ ವರ್ಷಕ್ಕೆ ಸ್ವಂತ ಜಿಲ್ಲೆಗೇ ವರ್ಗವಾಗಿ ಬಂದಿದ್ದರು. ಅಷ್ಟು ವರ್ಷ ಹಿಂದಿಯಲ್ಲಿ ಬದುಕಿದರೂ ಅವರ ಕನ್ನಡ ಕುಣಿಗಲ್ ಕೆರೆ ಏರಿಯಿಂದ ಒಂದಡಿ ಆಚೆ ಈಚೆ ಸರಿದಿರಲಿಲ್ಲ. ಜವಾನರ ಹತ್ತಿರ ಹಿಂದಿಯಲ್ಲಿ ಗುಡುಗಿ, ತಕ್ಷಣ ನನ್ನ ಕಡೆ ತಿರುಗಿ, "ಕಾಪಿ ಕುಡುದ್ಯೇನವ್ವ?" ಎನ್ನುತ್ತಿದ್ದರು.

ಸೇರಿದ ಮೊದಲ ದಿನ ಅವರು ನನ್ನನ್ನು ಕೌಂಟರಿನ ಒಳಗೋಡೆಯ ಮುಂದೆ ನಿಲ್ಲಿಸಿದರು. ಅಲ್ಲೊಂದು ಮರದ ಹಲಗೆ. ಅದರಲ್ಲಿ ತಗಡಿನ ಪಟ್ಟಿಯೊಂದನ್ನು ಸಿಕ್ಕಿಸುವ ಜಾಗ. ಬಿಳಿ ಪಟ್ಟಿ ಇದ್ದರೆ ಮಾಮೂಲು ದಿನ. ಹಳದಿ ಅಂದರೆ ಎಲ್ಲೋ ಏನೋ ಅಪಾಯದ ಸುಳಿವಿದೆ, ಮೊದಲ ಹಂತ. ಕಿತ್ತಳೆ ಎರಡನೇ ಹಂತ. ಕೆಂಪು ಮೂರನೆಯದು, ಅಪಾಯ ಬಾಗಿಲಿಗೇ ಬಂದಿದೆ ಎಂದು. ಹಂತ ಯಾವುದೆಂದು ಮೇಲಿನ ಕಚೇರಿಯಿಂದ ಹೇಳಿ ಕಳಿಸುತ್ತಿದ್ದರು. ಯಾವ ಹಂತಕ್ಕೆ ಏನು ಮಾಡಬೇಕೆಂದು ಹಲಗೆಯ ಪಕ್ಕದ ಹಾಳೆಯಲ್ಲಿ ಟೈಪ್ ಆಗಿತ್ತು. ಹಳದಿಗೆ ಮುಖ ಪರಿಚಯ ನಡೆಯುವುದಿಲ್ಲ, ಕರ್ನಲ್ ಸಾಹೇಬರೇ ಬಂದರೂ ಕಾರ್ಡು ಕೈಗೆ ತೆಗೆದುಕೊಂಡು ನೋಡಬೇಕು. ಕಿತ್ತಳೆಗೆ ಎರಡು ಗೇಟಿನಲ್ಲಿ ಒಂದನ್ನು ಮುಚ್ಚಬೇಕು, ಗಾಡಿ ಜೋರಾಗಿ ನುಗ್ಗದಂತೆ ರಸ್ತೆಗೆ ಅಡ್ಡಡ್ಡ ಡ್ರಮ್ಮು ಇಡಬೇಕು, ಗಾಡಿಯ ಅಡಿಗೆ ಕನ್ನಡಿ ಹಿಡಿಯಬೇಕು, ಭೇಟಿಗೆ ಬರುವವರನ್ನೂ ಹೊರಗಿನ ಊಟವನ್ನೂ ಒಳಗೆ ಬಿಡಬಾರದು. ಕೆಂಪಿಗೆ ಹೊರಗಿನವರು ಯಾರೂ ಒಳಗಿಲ್ಲ, ನನ್ನಂಥ ಗುತ್ತಿಗೆಯವರು ಮನೆಯಲ್ಲಿ.

"ಸರ್, ಯಾವಾಗ್ಲೂ ಕೆಂಪೇ ಇಟ್ಬಿಟ್ರೆ ಸೇಫ್ ಅಲ್ವಾ?" ಎಂದು ಕೇಳಿದ್ದೆ.

ಅವರು ನಗಲಿಲ್ಲ. "ಮೂರ್ ದಿನ ಇಡ್ಬೋದು ಕಣವ್ವ. ನಾಕ್ನೇ ದಿನಕ್ಕೆ ಕಾವ್ಲು ನಿಂತೋನು ನಿಂತ್ಕಂಡೇ ನಿದ್ದೆ ಮಾಡ್ತಾನೆ. ಸಾಮಾನು ಬರಲ್ಲ, ತರಕಾರಿ ಬರಲ್ಲ, ಡಿಪೋ ಅನ್ನೋದೇ ನಿಂತೋಯ್ತದೆ. ಎಷ್ಟ್ ಬೇಕೋ ಅಷ್ಟೇ ಏರುಸ್ಬೇಕು. ಏರ್ಸಿದ್‌ಮ್ಯಾಕೆ ಹಾಳೇಲಿರೋದ್ನ ಒಂದೂ ಬುಡ್ದಂಗೆ ಮಾಡ್ಬೇಕು. ಬಣ್ಣ ನೋಡಿ ಹೆದ್ರುಕೊಳ್ಳಾಕಲ್ಲ ಅದಿರಾದು, ಕೆಲ್ಸ ಮಾಡಾಕೆ."

ಏಳೆಂಟು ತಿಂಗಳು ಬಿಳಿ ಪಟ್ಟಿ ಅಲ್ಲಾಡಲಿಲ್ಲ. ನಾನು ಕೌಂಟರಿನ ಕೆಳಗೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದೆ. ಎಲ್ಲರ ಮುಖವೂ ಪರಿಚಯವಾಗಿತ್ತು. ಅವರಲ್ಲಿ ರಂಗಣ್ಣ ಮೊದಲಿಗ. ಗುಬ್ಬಿಯಿಂದ ಅಡುಗೆಮನೆಗೆ ದಿನಾ ತರಕಾರಿ ತರುತ್ತಿದ್ದ ವ್ಯಾನಿನವನು. ಜೊತೆಗೆ ಅವನ ಭಾವಮೈದುನ ಮಹೇಶ ಇರುತ್ತಿದ್ದ, ನಲವತ್ತರ ಆಸುಪಾಸಿನವನು, ಮಾತು ಕಮ್ಮಿ. ರಂಗಣ್ಣ ಮಾತ್ರ ಕಿಟಕಿಯಿಂದಲೇ, "ಲತಮ್ಮ, ಪರೀಕ್ಷೆ ಏನಾಯ್ತು?" ಎಂದು ದಿನಾ ಕೇಳುವವನು. ನನ್ನಪ್ಪನಾದರೂ ವಾರಕ್ಕೊಮ್ಮೆ ಕೇಳುತ್ತಿದ್ದರು.

ಬೇಸಿಗೆ ಹಿಡಿದ ಮೇಲೆ ಗಡಿಯಲ್ಲಿ ಗಲಾಟೆ ಶುರುವಾಯಿತು. ಟಿವಿಯಲ್ಲಿ ಇಡೀ ದಿನ ಅದೇ. ಒಂದು ಬೆಳಿಗ್ಗೆ ಸುಬೇದಾರರು ಬಂದವರೇ ಬಿಳಿ ಪಟ್ಟಿ ತೆಗೆದು ಹಳದಿ ಸಿಕ್ಕಿಸಿದರು. ಮೂರು ದಿನಕ್ಕೆ ಅದೂ ಹೋಗಿ ಕಿತ್ತಳೆ ಬಂತು. ಅವತ್ತು ಸಂಜೆ ಚಿಕ್ಕಮ್ಮ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ, "ಏನ್ಲೇ ಲತಾ, ನಾಳೆನೂ ಹೋಗ್ಲೇಬೇಕಾ ಅಲ್ಲಿಗೆ?" ಎಂದರು. ಹೋಗಬೇಕು ಎಂದೆ. ನಿಜ ಹೇಳಬೇಕೆಂದರೆ ನನಗೆ ಭಯಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು.

ಗೇಟಿನ ಎರಡೂ ಬದಿ ಮರಳಿನ ಮೂಟೆಯ ಗೋಡೆ ಎದ್ದಿತು. ಚೀಲ ಸಾಲದೆ ಬಂದಾಗ ಗುಬ್ಬಿಯ ಮಂಡಿಗಳಿಂದ ಹಳೇ ತೆಂಗಿನಕಾಯಿ ಚೀಲಗಳನ್ನು ರಂಗಣ್ಣನೇ ತಂದುಕೊಟ್ಟ. ಮೊದಲ ಮಳೆ ಬಿದ್ದಾಗ ನನ್ನ ಕೌಂಟರಿನ ತುಂಬ ಆ ಚೀಲಗಳ ವಾಸನೆ ತುಂಬಿತು. ಹಿಂದಿನ ಗೇಟು ಮುಚ್ಚಿದ್ದರಿಂದ ಎಲ್ಲ ಗಾಡಿಗಳೂ ನನ್ನ ಮುಂದೆಯೇ ಬರಬೇಕಾಯಿತು. ಕೌಂಟರಿನ ಇನ್ನೊಬ್ಬ ಗುಮಾಸ್ತರನ್ನು ಒಳಗಿನ ಆಫೀಸಿಗೆ ಕರೆಸಿಕೊಂಡರು. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ನಾನೊಬ್ಬಳೇ. ಭಾನುವಾರವೂ ಇಲ್ಲ. ಮೊದಲ ವಾರ ಪ್ರತಿಯೊಬ್ಬರ ಫೋಟೋವನ್ನೂ ಕಿವಿ, ಮೂಗು, ಮಚ್ಚೆ ಎಂದು ಹೋಲಿಸಿ ನೋಡಿದೆ. ಎರಡನೇ ವಾರ ಬರೀ ಮುಖ ನೋಡಿದೆ. ಮೂರನೇ ವಾರಕ್ಕೆ ಕಾರ್ಡು ನನ್ನ ಕೈಗೆ ಬರುತ್ತಿತ್ತು, ಹೋಗುತ್ತಿತ್ತು, ಅಷ್ಟೇ.

ಹದಿನೆಂಟನೇ ದಿನ ಮಧ್ಯಾಹ್ನಕ್ಕೆ ಮುಂಚೆ ಮೋಡ ಕಟ್ಟಿ ಜೋರು ಮಳೆ ಹಿಡಿಯಿತು. ರಂಗಣ್ಣನ ವ್ಯಾನು ಡ್ರಮ್ಮುಗಳನ್ನು ಸುತ್ತಿ ಬಂದು ನಿಂತಿತು. ನಿಯಮದ ಪ್ರಕಾರ ನಾನು ಕೊಡೆ ಹಿಡಿದು ಹೊರಗೆ ಹೋಗಿ, ಒಳಗಿದ್ದವರನ್ನು ಇಳಿಸಿ, ಕಾರ್ಡು ನೋಡಬೇಕು. ನಾನು ಕಿಟಕಿಯ ಗಾಜು ಒರೆಸಿ ನೋಡಿದೆ. ರಂಗಣ್ಣ ಕೈ ಬೀಸಿದ. ಪಕ್ಕದಲ್ಲಿ ಮಳೆಗೆಂದು ತಲೆಯ ಮೇಲೆ ಗೋಣಿ ಕೊಪ್ಪೆ ಹಾಕಿಕೊಂಡು ಒಬ್ಬರು ಕೂತಿದ್ದರು. ಮಹೇಶ ಎಂದುಕೊಂಡೆ. ಅವನ ಪಾಸ್ ನಂಬರು ನನಗೆ ಬಾಯಿಪಾಠ. ಬರೆದೆ. ಟಿಕ್ ಹಾಕಿದೆ. ಜವಾನ ಬಲಬೀರ್ ಮಳೆಯಲ್ಲೇ ಬಗ್ಗಿ ಕನ್ನಡಿ ಹಿಡಿದು ಗಾಡಿಯ ಅಡಿ ನೋಡಿ, "ಮೇಡಂ, ಓಕೆ?" ಎಂದು ಕೂಗಿದ. ನಾನು ಕೂತಲ್ಲಿಂದಲೇ ಓಕೆ ಎಂದೆ. ಅಡ್ಡಗಂಬ ಎದ್ದಿತು.

ಮುಕ್ಕಾಲು ಗಂಟೆಯ ನಂತರ ಕೌಂಟರಿಗೆ ಫೋನು ಬಂತು. ಸುಬೇದಾರರು ಎತ್ತಿಕೊಂಡರು. ಎರಡು ಸಲ "ಜೀ ಸಾಬ್" ಎಂದರು. ಫೋನು ಇಟ್ಟ ಮೇಲೆ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನು ನೋಡಿಯೇ ನಾನು ಕುರ್ಚಿಯಿಂದ ಎದ್ದು ನಿಂತೆ.

ಕೊಪ್ಪೆ ಹಾಕಿಕೊಂಡಿದ್ದವನು ಮಹೇಶನಲ್ಲ. ನಮ್ಮ ಗೇಟನ್ನು ಪರೀಕ್ಷೆ ಮಾಡಲು ಮೇಲಿನ ಕಚೇರಿಯವರು ಕಳಿಸಿದ್ದ ಸೈನಿಕ. ಗುಬ್ಬಿಯಲ್ಲಿ ಮಳೆಯಲ್ಲಿ ನಿಂತು, ತಾನು ಡಿಪೋದ ಅಡುಗೆಮನೆಗೆ ಹೊಸದಾಗಿ ಬಂದವನು, ಬಸ್ಸು ತಪ್ಪಿತು ಎಂದು ರಂಗಣ್ಣನಿಗೆ ಹೇಳಿದ್ದ. ಮಹೇಶ ಅವತ್ತು ಜ್ವರ ಬಂದು ಮಲಗಿದ್ದ. ಪಾಪ ಎಂದು ರಂಗಣ್ಣ ಹತ್ತಿಸಿಕೊಂಡು, ತಲೆಗೆ ಕೊಪ್ಪೆಯನ್ನೂ ಕೊಟ್ಟಿದ್ದ. ಆ ಮನುಷ್ಯ ಒಳಗೆ ಇಳಿದವನೇ ನೆಟ್ಟಗೆ ಕರ್ನಲ್ ಸಾಹೇಬರ ಆಫೀಸಿಗೆ ನಡೆದು, ಮೇಜಿನ ಮೇಲೆ ಒಂದು ರಟ್ಟಿನ ಡಬ್ಬಿ ಇಟ್ಟ. ಅದರ ಮೇಲೆ 'ಬಾಂಬ್' ಎಂದು ಬರೆದ ಚೀಟಿ ಅಂಟಿಸಿತ್ತು.

ಸುಬೇದಾರರು ಇನ್ನೊಬ್ಬರನ್ನು ಕೌಂಟರಿಗೆ ಕೂರಿಸಿ, ರಿಜಿಸ್ಟರು ಎತ್ತಿಕೊಂಡು ನನ್ನನ್ನು ಹಿಂದಿನ ಕೋಣೆಗೆ ಕರೆದರು. ಅಲ್ಲಿ ಮೂಲೆಯ ಬೆಂಚಿನ ಮೇಲೆ ರಂಗಣ್ಣ ಒದ್ದೆ ಬಟ್ಟೆಯಲ್ಲಿ ಕೂತಿದ್ದ. ನನ್ನ ಮುಖ ನೋಡಲಿಲ್ಲ. ಸುಬೇದಾರರು ರಿಜಿಸ್ಟರಿನ ಆ ಸಾಲಿನ ಮೇಲೆ ಬೆರಳಿಟ್ಟರು.

"ಮಹೇಶ ಅಂತ ಬರ್ದಿದೀಯ. ನೋಡ್ದಾ?"

ಆ ಒಂದು ಕ್ಷಣದಲ್ಲಿ ನನ್ನ ತಲೆಯಲ್ಲಿ ಏನೇನು ಓಡಿತು ಎನ್ನುವುದು ಇವತ್ತಿಗೂ ನನಗೆ ನಾಚಿಕೆ. ಬಲಬೀರ್ ಗಾಡಿಯ ಹತ್ತಿರವೇ ನಿಂತಿದ್ದ, ಅವನೇ ನೋಡಿದೆ ಎಂದ ಎನ್ನಬಹುದಿತ್ತು. ಅವನಿಗೆ ಕನ್ನಡ ಬರುವುದಿಲ್ಲ, ಅಲ್ಲೇ ಎದುರು ಹೇಳುವವನೂ ಅಲ್ಲ. ರಂಗಣ್ಣನೇ ಮಹೇಶ ಎಂದ ಎನ್ನಬಹುದಿತ್ತು. ನನ್ನ ಗುತ್ತಿಗೆ ಮುಂದುವರಿಸುವ ಕಾಗದ ಅದೇ ತಿಂಗಳು ಬರಬೇಕಿತ್ತು. ಮಿಲಿಟರಿಯಲ್ಲಿ ನನ್ನ ಮಗಳು ಎಂದು ಅಪ್ಪ ಊರೆಲ್ಲ ಹೇಳಿಕೊಂಡಿದ್ದರು. ರಂಗಣ್ಣನ ಒದ್ದೆ ಬಟ್ಟೆಯಿಂದ ಬೆಂಚಿನ ಕೆಳಗೆ ನೀರು ತೊಟ್ಟಿಕ್ಕುವುದು ಕಾಣುತ್ತಿತ್ತು.

"ನೋಡ್ಲಿಲ್ಲ ಸರ್," ಎಂದೆ. "ನೋಡಿದೀನಿ ಅಂತ ಬರೆದೆ."

ಅವರು ರಿಜಿಸ್ಟರು ಮುಚ್ಚಿದರು. "ಸಾಹೇಬ್ರತ್ರಾನೂ ಇದ್ನೇ ಹೇಳು. ಒಂದ್ ಮಾತು ಜಾಸ್ತಿ ಬ್ಯಾಡ, ಒಂದ್ ಮಾತು ಕಮ್ಮಿ ಬ್ಯಾಡ. ಅಳಾದಾದ್ರೆ ಇಲ್ಲೇ ಅತ್ಬುಡು."

ಅತ್ತೆ. ಅವರು ಕಿಟಕಿಯ ಕಡೆ ತಿರುಗಿ ನಿಂತರು.

ಕರ್ನಲ್ ಸಾಹೇಬರ ಕೋಣೆಯಲ್ಲಿ ನಾನು ಕನ್ನಡದಲ್ಲಿ ಹೇಳಿದೆ, ಸುಬೇದಾರರು ಹಿಂದಿಗೆ ತಿರುಗಿಸಿದರು. ನನ್ನ ಮಾತನ್ನು ಅವರು ಎಲ್ಲೂ ಮೃದು ಮಾಡಲಿಲ್ಲ. ನಾನು ಹೇಳಿ ಮುಗಿಸಿದ ಮೇಲೆ, ಸಾಹೇಬರು ಕೇಳದೆಯೇ ಅವರು ಇನ್ನೊಂದಿಷ್ಟು ಹೇಳಿದರು. ನನ್ನ ಹಿಂದಿ ಅಷ್ಟಕ್ಕಷ್ಟೇ, ಆದರೂ ತಿಳಿಯಿತು. ಹಂತ ಏರಿಸಿದೆವು, ಜನ ಏರಿಸಲಿಲ್ಲ. ಈ ಹುಡುಗಿ ಹದಿನೆಂಟು ದಿನ ಒಂದು ದಿನವೂ ರಜೆಯಿಲ್ಲದೆ ಒಬ್ಬಳೇ ಕೂತಿದ್ದಾಳೆ. ಹೀಗೆ ಕೂತರೆ ಕಣ್ಣು ಸೋಲುತ್ತದೆ ಎಂದು ಗೊತ್ತಿದ್ದವನು ನಾನು. ಇನ್ನೊಬ್ಬರನ್ನು ಕೊಡಿ ಎಂದು ಬರೆದು ಕೇಳಬೇಕಾದವನೂ ನಾನೇ. ಬರೆಯಲಿಲ್ಲ. ತಪ್ಪು ಅವಳದೂ ಇದೆ, ಅದಕ್ಕಿಂತ ದೊಡ್ಡದು ನನ್ನದು.

ಕರ್ನಲ್ ಸಾಹೇಬರು ಪೆನ್ನು ಕೆಳಗಿಟ್ಟರು. ಮತ್ತೆ ನನ್ನನ್ನೇ ಗೇಟಿನಲ್ಲಿ ಇಡಬೇಕೇ ಎಂದು ಸುಬೇದಾರರನ್ನು ಕೇಳಿದರು. ಇಡಬೇಕು ಸಾಬ್ ಎಂದರು ಅವರು. ಸುಳ್ಳು ಹೇಳಿ ತಪ್ಪಿಸಿಕೊಳ್ಳಲು ದಾರಿ ಇತ್ತು, ಹೇಳಲಿಲ್ಲ, ಅಂಥವರು ಗೇಟಿಗೆ ಬೇಕು ಎಂದರು.

ಸುಬೇದಾರರಿಗೆ ಬರವಣಿಗೆಯಲ್ಲಿ ಎಚ್ಚರಿಕೆ ಬಂತು. ನಿವೃತ್ತಿಗೆ ನಾಲ್ಕು ತಿಂಗಳಿದ್ದ, ಮೂವತ್ತು ವರ್ಷ ಒಂದು ಕಪ್ಪುಚುಕ್ಕೆಯಿಲ್ಲದ ಮನುಷ್ಯನ ಕಡತಕ್ಕೆ ನನ್ನಿಂದ ಒಂದು ಹಾಳೆ ಸೇರಿತು. ರಂಗಣ್ಣನ ಪಾಸನ್ನು ಒಂದು ವಾರ ತಡೆದರು. ನನ್ನ ಗುತ್ತಿಗೆ ಮುಂದುವರಿಯಿತು. ಈ ಮೂರನ್ನೂ ಸರಿಯಾಗಿ ಹಂಚಿದ್ದಾರೆ ಎಂದು ನನಗೆ ಅವತ್ತೂ ಅನಿಸಲಿಲ್ಲ, ಇವತ್ತೂ ಅನಿಸುವುದಿಲ್ಲ.

ಮಾರನೆಯ ದಿನದಿಂದ ಗೇಟು ಬದಲಾಯಿತು. ಒಳಗೆ ಹೋಗಿದ್ದ ಗುಮಾಸ್ತರು ವಾಪಸು ಬಂದರು. ಎರಡು ಗಂಟೆ ಕೂತರೆ ಅರ್ಧ ಗಂಟೆ ಎದ್ದು ಹೋಗಬೇಕು ಎಂದಾಯಿತು. ಇನ್ನೊಂದು ಪದ್ಧತಿಯನ್ನು ಸುಬೇದಾರರು ತಾವೇ ಶುರು ಮಾಡಿದರು. ಉಪ್ಪಿನಕಾಯಿಯ ಹಳೇ ಡಬ್ಬಿಯಲ್ಲಿ ಮಡಿಸಿದ ಚೀಟಿಗಳನ್ನು ಹಾಕಿ, ಬೆಳಿಗ್ಗೆ ಯಾರಾದರೂ ಒಬ್ಬರ ಕೈಯಲ್ಲಿ ಎತ್ತಿಸುತ್ತಿದ್ದರು. 'ಮೂರನೇ ಗಾಡಿ ಪೂರ್ತಿ ಇಳಿಸು', 'ಹನ್ನೊಂದು ಗಂಟೆಗೆ ಬೇಲಿ ಸುತ್ತು ಹೋಗು', 'ಇವತ್ತು ಎಲ್ಲರ ಚೀಲ ಬಿಚ್ಚಿಸು', ಹೀಗೆ. ಯಾವ ದಿನ ಏನು ಬರುತ್ತದೆಂದು ನಮಗೇ ತಿಳಿಯುತ್ತಿರಲಿಲ್ಲ.

"ದಿನಾ ಒಂದೇ ತರ ಮಾಡಿದ್ರೆ ನೋಡೋರ್ಗೂ ಅಭ್ಯಾಸ ಆಯ್ತದೆ, ನಮ್ಗೂ ಅಭ್ಯಾಸ ಆಯ್ತದೆ," ಎಂದರು. "ಎರಡ್ನೇದೇ ಜಾಸ್ತಿ ಡೇಂಜರು."

ಎಚ್ಚರಿಕೆಯ ಕಾಗದದ ಬಗ್ಗೆ ಅವರು ಒಂದು ಮಾತೂ ಎತ್ತಲಿಲ್ಲ. ನಾನೇ ಒಂದು ದಿನ ಕ್ಷಮೆ ಕೇಳಲು ಹೋದೆ. "ಕಾರ್ಡ್ ನೋಡೋಗವ್ವ, ಲೈನ್ ನಿಂತದೆ," ಎಂದರು.

ವಾರ ಕಳೆದ ಮೇಲೆ ರಂಗಣ್ಣ ಬಂದ. ನನಗೆ ಅವನ ಎದುರು ನಿಲ್ಲಲು ಕಷ್ಟವಾಯಿತು. ನಾನು ಕೊಡೆ ಬಿಟ್ಟು ಬಿಸಿಲಲ್ಲಿ ವ್ಯಾನಿನ ಹತ್ತಿರ ಹೋಗುವಷ್ಟರಲ್ಲಿ ಅವನೂ ಮಹೇಶನೂ ಕೆಳಗಿಳಿದು, ಕಾರ್ಡು ಮುಖದ ಪಕ್ಕ ಹಿಡಿದು ನಿಂತಿದ್ದರು.

"ರಂಗಣ್ಣ, ನನ್ನಿಂದ ನಿಮಗೆ ತೊಂದ್ರೆ ಆಯ್ತು."

"ನನ್ನಿಂದ ನಿಂಗೂ ಆಯ್ತಲ್ಲ ಬುಡವ್ವ," ಎಂದ. "ನಾನೇನು ಅವ್ನ ಕಾರ್ಡ್ ಕೇಳಿದ್ನಾ? ಮಳೆ ಬತ್ತಿತ್ತು, ಹತ್ತುಸ್ಕಂಡೆ. ನೀನೂ ಮಳೆ ಅಂತ ಹೊರಗ್ ಬರ್ನಿಲ್ಲ. ಇಬ್ರುನೂವೆ ಮಳೇನೇ ಕೆಡುಸ್ತು." ಆಮೇಲೆ ಎಂದಿನಂತೆ ಕೇಳಿದ: "ಪರೀಕ್ಷೆ ಏನಾಯ್ತು?"

ಕಿತ್ತಳೆ ಪಟ್ಟಿ ಇನ್ನೂ ಇದ್ದ ದಿನಗಳಲ್ಲೇ ಒಂದು ಮಧ್ಯಾಹ್ನ ಐವತ್ತರ ಹೆಂಗಸೊಬ್ಬರು ದೊಡ್ಡ ಕ್ಯಾರಿಯರ್ ಹಿಡಿದು ಕೌಂಟರಿಗೆ ಬಂದರು. ಕುಣಿಗಲ್ಲಿನಿಂದ ಹೆಬ್ಬೂರಿನ ಮೇಲೆ ತುಮಕೂರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬಂದಿದ್ದರು. ಸೆರಗೆಲ್ಲ ಬೆವರು.

"ಸುಬೇದಾರ್ರು ಅವ್ರಾ? ನಾನು ಅವ್ರ್ ಮನೆಯೋಳು, ಜಯಮ್ಮ. ತಿಂಗ್ಳು ಮ್ಯಾಲಾಯ್ತು ಊರ್ ಕಡೆ ತಲೆ ಹಾಕಿ. ಮುದ್ದೆ ಬಸ್ಸಾರು ತಂದಿದೀನಿ. ಒಳೀಕ್ ಬುಡವ್ವ."

ಆಧಾರ್ ಕಾರ್ಡು ಕೇಳಿದೆ. ನೋಡಿದೆ, ಮುಖ ನೋಡಿದೆ. ಅವರೇ. "ಅಮ್ಮ, ಈಗ ಭೇಟಿಗೆ ಬಂದೋರನ್ನ ಒಳಗೆ ಬಿಡೋ ಹಾಗಿಲ್ಲ. ಹೊರಗಿನ ಊಟನೂ ಬಿಡೋ ಹಾಗಿಲ್ಲ," ಎಂದೆ.

"ಈ ಗೇಟು ಕಾಯೋನೇ ನನ್ ಗಂಡ."

"ಗೊತ್ತಮ್ಮ."

"ಗೊತ್ತಿದ್ದೂ ನಿಲ್ಲುಸ್ತೀಯಾ?"

"ಅವರೇ ಹೇಳ್ಕೊಟ್ಟಿರೋದು, ಅಮ್ಮ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸಿಟ್ಟಿನಿಂದ ಮರಳಿನ ಮೂಟೆಯ ನೆರಳಿಗೆ ಸರಿದು ನಿಂತರು. ನಾನು ಒಳಗೆ ಫೋನು ಮಾಡಿದೆ. ಸುಬೇದಾರರು ಬಂದು, ಹೆಂಡತಿಯನ್ನು ನೋಡಿ, ನನ್ನನ್ನು ನೋಡಿ, ಗೇಟಿನ ಜವಾಬ್ದಾರಿಯನ್ನು ಹವಾಲ್ದಾರರಿಗೆ ಒಪ್ಪಿಸಿ ಸಹಿ ಮಾಡಿ ಹೊರಗೆ ಹೋದರು. ರಸ್ತೆಯಾಚೆ ಒಂದು ಹೊಂಗೆ ಮರವಿತ್ತು. ಅದರ ಬುಡದಲ್ಲಿ ಯೂನಿಫಾರ್ಮಿನಲ್ಲೇ ಚಕ್ಕಂಬಕ್ಕಳ ಹಾಕಿ ಕೂತು, ಟೋಪಿ ತೊಡೆಯ ಮೇಲಿಟ್ಟುಕೊಂಡು, ಮುದ್ದೆ ಮುರಿದು ಉಂಡರು. ಜಯಮ್ಮ ಪಕ್ಕದಲ್ಲಿ ಕೂತು ಕೈ ಆಡಿಸುತ್ತಾ ಏನೋ ಹೇಳುತ್ತಲೇ ಇದ್ದರು. ಅರ್ಧ ಗಂಟೆಗೆ ಅವರು ವಾಪಸು ಬಂದು ತಮ್ಮ ಕಾರ್ಡು ನನ್ನ ಮುಂದೆ ಇಟ್ಟರು. ನಾನು ನೋಡಿದೆ.

"ನಮ್ಮನೆಯೋಳು ನಿನ್ನ ಚೆನ್ನಾಗಿ ಬೈದ್ಲು ಕಣವ್ವ," ಎಂದರು. ಕಾರ್ಡು ಜೇಬಿಗೆ ಇಡುತ್ತಾ, "ಒಳ್ಳೇ ಕೆಲ್ಸ ಮಾಡ್ದೆ" ಎಂದು ಸೇರಿಸಿದರು. ಆ ಮಳೆಯ ದಿನದ ಘಟನೆಯ ನಂತರ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಮುಂಗಾರು ಹಿಡಿಯುವ ಹೊತ್ತಿಗೆ ಗಡಿ ತಣ್ಣಗಾಯಿತು. ಕಿತ್ತಳೆ ಹೋಗಿ ಹಳದಿ ಬಂತು. ಅವತ್ತು ಎಲ್ಲರೂ ನಗುತ್ತಾ ಮಾತಾಡುತ್ತಿದ್ದರೆ ಸುಬೇದಾರರು ಮಾತ್ರ ಇಡೀ ದಿನ ಗೇಟು ಬಿಟ್ಟು ಕದಲಲಿಲ್ಲ. ಹಂತ ಇಳಿಯುವಾಗಲೇ ಜನ ಹಾಳೆಯಲ್ಲಿರುವುದಕ್ಕಿಂತ ಎರಡು ಮೆಟ್ಟಿಲು ಜಾಸ್ತಿ ಇಳಿದುಬಿಡುತ್ತಾರೆ ಎನ್ನುವುದು ಅವರ ಅನುಭವ. ಎರಡು ವಾರ ಬಿಟ್ಟು ಬಿಳಿ ಪಟ್ಟಿ ಬಂತು. ಡ್ರಮ್ಮುಗಳನ್ನು ಉರುಳಿಸಿಕೊಂಡು ಹೋದರು, ಹಿಂದಿನ ಗೇಟು ತೆರೆಯಿತು. ನಾನು ಮತ್ತೆ ಪುಸ್ತಕ ತೆರೆದೆ. ಆದರೆ ಕೌಂಟರಿನ ಕೆಳಗಲ್ಲ, ಬಿಡುವಿನ ಅರ್ಧ ಗಂಟೆಯಲ್ಲಿ, ಹಿಂದಿನ ಕೋಣೆಯ ಬೆಂಚಿನ ಮೇಲೆ.

ಆ ಮಳೆಗಾಲದಲ್ಲೇ ಅವರು ನಿವೃತ್ತರಾದರು. ಕೊನೆಯ ದಿನ ಕಾರ್ಡು ನನಗೆ ಒಪ್ಪಿಸಿ, ಪಡೆದೆ ಎಂಬ ಸಹಿ ಹಾಕಿಸಿಕೊಂಡು, ಟ್ರಂಕಿನ ಜೊತೆ ಆಟೋ ಹತ್ತಿದರು. ಹೇಳಬೇಕೆಂದು ಎಷ್ಟೋ ಮಾತು ಜೋಡಿಸಿಕೊಂಡಿದ್ದೆ. ಜನ ತುಂಬಿದ್ದರು, ಒಂದೂ ಹೇಳಲಾಗಲಿಲ್ಲ.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ, ಭೇಟಿಗೆ ಬಂದವರ ಸಾಲಿನಲ್ಲಿ ಆರನೆಯವರಾಗಿ ಅವರು ನಿಂತಿದ್ದರು. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಮೇಲೊಂದು ಸ್ವೆಟರು. ಹೊಸದಾಗಿ ಬಂದಿದ್ದ ಜವಾನನಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಸಾಲು ನೆಟ್ಟಗೆ ಮಾಡಲು ಹೇಳಿದ, ಅವರು ಒಂದು ಹೆಜ್ಜೆ ಸರಿದು ನೆಟ್ಟಗೆ ನಿಂತರು. ನಾನು ಎದ್ದು ಕರೆಯಬೇಕೆಂದುಕೊಂಡೆ. ಅವರು ದೂರದಿಂದಲೇ ಕಣ್ಣಲ್ಲಿ ಬೇಡ ಎಂದರು. ಐದೂ ಜನರ ಕಾರ್ಡು ನಿಧಾನವಾಗಿ ನೋಡಿ ಮುಗಿಸಿದೆ. ಆರನೆಯವರು ಆಧಾರ್ ಕಾರ್ಡು ಕಿಟಕಿಯೊಳಗೆ ಚಾಚಿದರು.

"ಯಾರನ್ನ ನೋಡ್ಬೇಕು ಸರ್?" ಎಂದೆ.

"ಪಾಸ್ ಕೌಂಟರ್ ಲತಾನ."

ಗೇಟಿನಲ್ಲಿ ಕೂತ ಒಂದೂಕಾಲು ವರ್ಷದಲ್ಲಿ ಎಷ್ಟೋ ಜನ ಎಷ್ಟೋ ಜನರನ್ನು ನೋಡಲು ನನ್ನ ಮುಂದೆ ಬಂದು ಹೋಗಿದ್ದರು. ನನ್ನನ್ನು ನೋಡಲು ಯಾರೂ ಬಂದಿರಲಿಲ್ಲ. ರಿಜಿಸ್ಟರಿನಲ್ಲಿ 'ಯಾರನ್ನು ನೋಡಲು' ಎನ್ನುವ ಜಾಗದಲ್ಲಿ ನನ್ನ ಹೆಸರನ್ನು ನಾನೇ ಬರೆದೆ.

"ಏನು ಕೆಲಸ ಅಂತ ಬರೀಲಿ ಸರ್?"

"ಏನಿಲ್ಲ ಬರ್ಕೋ. ಚೆನ್ನಾಗವ್ಳಾ ಅಂತ ನೋಡ್ಕಂಡೋಗಾನ ಅಂತ ಬಂದೆ."